ಊದುವವರ ಮನೆತನದ ಹಲ್ಲು

ಸಿಡುಕಣ್ಣನ ಸಿಟ್ಟು ಆ ಬ್ಯಾಂಡಿನವರಿಗೆ ಹೊಸದೇನಲ್ಲ. ಡ್ರಮ್ಮಿನವನು ತಡವಾಗಿ ಬಂದರೆ ಸಿಟ್ಟು, ಬೇಗ ಬಂದರೆ "ಏನಯ್ಯಾ, ಮನೇಲಿ ಅಟ್ಟಿಬಿಟ್ರಾ?" ಎಂದು ಇನ್ನೊಂದು ಬಗೆಯ ಸಿಟ್ಟು. ಆದರೂ ಎಲ್ಲರೂ ಸಹಿಸಿಕೊಂಡಿದ್ದರು. ಏಕೆಂದರೆ ಅವನ ಟ್ರಂಪೆಟ್ಟಿನಿಂದ ಮೇಲಿನ ಸ್ವರವೊಂದು ಹೊರಟರೆ ಸಾಕು, ಸೈಕಲ್ ರಿಪೇರಿ ಅಂಗಡಿಯ ಮೇಲಿದ್ದ ಆ ಉದ್ದ ಕೋಣೆಯ ಕಿಟಕಿ ಗಾಜುಗಳೆಲ್ಲ ಗುಂಯ್ ಎನ್ನುತ್ತಿದ್ದವು. ಕೆಳಗೆ ಟ್ಯೂಬಿಗೆ ಗಾಳಿ ತುಂಬುತ್ತಿದ್ದವನೂ ಪಂಪು ನಿಲ್ಲಿಸಿ ತಲೆ ಎತ್ತುತ್ತಿದ್ದ.

ಆ ಸಂಜೆ ಆ ಸ್ವರ ಹೊರಡಲಿಲ್ಲ. ಏರುತ್ತ ಏರುತ್ತ ಹೋಗಿ, ತುದಿ ಮುಟ್ಟುವ ಹೊತ್ತಿಗೆ ಹಳೇ ಬಟ್ಟೆ ಹರಿದ ಹಾಗೆ ಪರ್ ಎಂದಿತು.

"ಯಾರೋ ಅದು ನನ್ನ ವಾದ್ಯ ಮುಟ್ಟಿದ್ದು?" ಸಿಡುಕಣ್ಣ ಎದ್ದು ನಿಂತ. "ಮೌತ್‌ಪೀಸ್ ಬದಲಾಯಿಸಿದ್ದೀರಿ. ಇದು ನಂದಲ್ಲ!"

"ನಿಂದು ಮುಟ್ಟೋ ಧೈರ್ಯ ಯಾರಿಗಿದೆ ಅಣ್ಣ?" ಎಂದ ಡ್ರಮ್ಮಿನವನು. "ಬೇಕಾದ್ರೆ ನನ್ನ ಮೇಲೆ ಹಾಕು, ನನಗೆ ಅಭ್ಯಾಸವಾಗಿದೆ."

ಯಾರೋ ಕಿಸಕ್ಕೆಂದರು. ಬ್ಯಾಂಡ್ ಮಾಸ್ಟರು ಮಾತ್ರ ನಗಲಿಲ್ಲ. ಅವರು ಸಿಡುಕಣ್ಣನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಹತ್ತಿರ ಬಂದು ಮೌತ್‌ಪೀಸನ್ನು ಬೆಳಕಿಗೆ ಹಿಡಿದರು. ಹಿತ್ತಾಳೆಯ ಅಂಚಿನ ಸುತ್ತ ತೆಳ್ಳಗೆ ರಕ್ತ ಹತ್ತಿತ್ತು.

"ಬಾಯಿ ತೆರಿ."

"ಯಾಕೆ, ನಾನೇನು ದನವಾ, ಹಲ್ಲು ನೋಡಿ ಕೊಳ್ಳೋಕೆ?"

"ಸೇತುವೆ ಉದ್ಘಾಟನೆ ಬರ್ತಾ ಇದೆ ಮಾರಾಯ. ನಡು ಸೇತುವೆ ಮೇಲೆ ಒಬ್ಬನೇ ನಿಂತು ಊದಬೇಕು, ಎರಡೂ ದಡದವರಿಗೆ ಕೇಳ್ಬೇಕು. ಅಲ್ಲಿ ಹೀಗೆ ಪರ್ ಅಂದ್ರೆ ನಮ್ಮೆಲ್ಲರ ಮಾನ ಹೊಳೆಗೆ ಬೀಳುತ್ತೆ. ನಿನ್ನ ಕೈಲಿ ಆಗುತ್ತಾ, ಇಲ್ವಾ? ಇಲ್ಲದಿದ್ರೆ ನಿನ್ನ ಮಗಳಿದ್ದಾಳೆ."

ಸಿಡುಕಣ್ಣನ ಮಗಳು ಎರಡನೆಯ ಟ್ರಂಪೆಟ್. ಅವಳು ತಲೆ ತಗ್ಗಿಸಿ ವಾದ್ಯದ ಕೀಲುಗಳನ್ನು ಒರೆಸತೊಡಗಿದಳು.

"ಆಗುತ್ತೆ ಮಾಸ್ಟ್ರೇ," ಎಂದ ಸಿಡುಕಣ್ಣ. ಪ್ರೀತಿಯಿದ್ದಾಗ ಅವರನ್ನು ಅಣ್ಣ ಎನ್ನುತ್ತಿದ್ದ, ಮೈ ಉರಿದಾಗ ಮಾಸ್ಟ್ರು. "ನಾನು ಸಾಯೋವರೆಗೂ ಮೊದಲನೇ ಟ್ರಂಪೆಟ್ಟಿನ ಕುರ್ಚಿ ನಂದೇ." ಕೋಪಕ್ಕೆ ಹಲ್ಲು ಕಡಿಯಲು ಹೋದ. ಮುಂದಿನ ಹಲ್ಲು ಸುಮ್ಮನೆ ಒಳಕ್ಕೆ ವಾಲಿತು. ಹಲ್ಲು ಕಡಿದು ಸರಿಯಾಗಿ ಸಿಟ್ಟು ಮಾಡುವಂತೆಯೂ ಇರಲಿಲ್ಲ ಅವನ ಗತಿ.

ಮನೆಯಲ್ಲಿ ಅವನ ಅಪ್ಪ ಮೊದಲೇ ಸುದ್ದಿ ತಿಳಿದು ಕೂತಿದ್ದ. ಮುದುಕನೂ ತನ್ನ ಕಾಲಕ್ಕೆ ಅದೇ ಬ್ಯಾಂಡಿನ ಮೊದಲ ಟ್ರಂಪೆಟ್. ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಪಾಟಿನಲ್ಲೇ ಇರುತ್ತಿತ್ತು. ಫೋಟೋ ತೆಗೆಸುವ ದಿನ ಮಾತ್ರ ಹೊರಬರುತ್ತಿತ್ತು.

"ಶುರುವಾಯ್ತಾ?" ಎಂದ, ಮಗನಿಗೆ ಬಡ್ತಿ ಸಿಕ್ಕಷ್ಟು ಸಮಾಧಾನದಿಂದ. "ನನಗೂ ನಿನ್ನ ವಯಸ್ಸಿಗೇ ಶುರುವಾಗಿದ್ದು. ನನ್ನಪ್ಪನಿಗೆ ಇನ್ನೂ ಮುಂಚೆ. ಹಿತ್ತಾಳೆ ಹಲ್ಲು ತಿನ್ನುತ್ತೆ ಕಣೋ. ಊದೋರ ಮನೆತನ ಅಂದ್ಮೇಲೆ ಅಷ್ಟೂ ಇಲ್ದಿದ್ರೆ ಹೇಗೆ?"

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಊದುವ ದಿನ ಬಾಯಿಗೆ ಬ್ರಷ್ಷು ಮುಟ್ಟಿಸಬಾರದು. ಉಜ್ಜಿದರೆ ತುಟಿ ಬಾತುಕೊಳ್ಳುತ್ತದೆ, ಪೇಸ್ಟಿನಿಂದ ಬಾಯಿ ಜಾರುತ್ತದೆ, ಮೌತ್‌ಪೀಸ್ ನಿಲ್ಲುವುದಿಲ್ಲ. ಬಿಸಿ ಚಹಾವನ್ನು ಬಾಯಲ್ಲಿ ಮುಕ್ಕಳಿಸಿ ನುಂಗಿದರೆ ಸಾಕು. ಮುದುಕನಿಗೆ ಅವನಪ್ಪ ಹೇಳಿದ್ದು, ಮುದುಕ ಮಗನಿಗೆ ಹೇಳಿದ್ದು. ಬ್ಯಾಂಡಿನಲ್ಲಿ ಗಾಳಿ ವಾದ್ಯ ಹಿಡಿದವರೆಲ್ಲ ಇದನ್ನೇ ಪಾಲಿಸುತ್ತಿದ್ದರು. ಡ್ರಮ್ಮಿನವನೊಬ್ಬ ದಿನಾ ಹಲ್ಲುಜ್ಜುತ್ತಿದ್ದ. ಅದಕ್ಕೂ ಅವನನ್ನು ಗೇಲಿ ಮಾಡುತ್ತಿದ್ದರು.

ಸಿಡುಕಣ್ಣನ ಹೆಂಡತಿ ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಮಾವ, ಹಲ್ಲು ಹೋದದ್ದಕ್ಕೆ ಹೆಮ್ಮೆ ಪಡೋರನ್ನ ನಾನು ಈ ಮನೇಲೇ ನೋಡಿದ್ದು. ರೀ, ನಾನು ಗೋಡೆ ಕಡೆ ಮುಖ ಮಾಡಿ ಮಲಗೋದು ಯಾಕೆ ಅಂತ ಒಂದು ದಿನ ಆದ್ರೂ ಕೇಳಿದ್ದೀರಾ?"

"ಸೆಖೆ ಅಂದಿದ್ದೆ."

"ನಿಮ್ಮ ಬಾಯಿ ವಾಸನೆ ರೀ. ಚಳಿಗಾಲದಲ್ಲೂ ಅದೇ ಸೆಖೆ. ನಾಳೆ ಹಲ್ಲಿನ ಡಾಕ್ಟರ ಹತ್ರ ಹೋಗೋಣ. ಬರಲ್ಲ ಅಂದ್ರೆ ಅಕ್ಕನಿಗೆ ಫೋನ್ ಮಾಡಿ, ಮೊದಲನೇ ಕುರ್ಚಿ ಖಾಲಿ ಇದೆ ಅಂತ ನಾನೇ ಹೇಳ್ತೀನಿ."

ಇಷ್ಟು ಹೇಳಿ ಅವಳು ಒಳಗೆ ಹೋದಳು. ಅವಳು ಕೂಗಾಡಿದ್ದರೆ ಸಿಡುಕಣ್ಣನೂ ಕೂಗಾಡುತ್ತಿದ್ದ. ತಣ್ಣಗೆ ಹೇಳಿದ್ದರಿಂದ ಅವನಿಗೆ ದಾರಿಯೇ ಉಳಿಯಲಿಲ್ಲ.

ಹಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಕನ್ನಡಕ ಹಣೆಯ ಮೇಲೆ, ಮುಖದಲ್ಲಿ ನಗು ಕಡಿಮೆ. ಸಿಡುಕಣ್ಣನನ್ನು ಕುರ್ಚಿಯಲ್ಲಿ ಮಲಗಿಸಿ, ಗೆರೆ ಕೊರೆದ ತೆಳುವಾದ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ಸಂದಿಗೆ ಇಳಿಸುತ್ತ, ಪಕ್ಕದ ನರ್ಸಿಗೆ ಅಂಕಿ ಹೇಳುತ್ತ ಹೋದರು. ಐದು. ಆರು. ಏಳು. ಆರು.

"ಏನಿದು, ಲಾಟರಿ ನಂಬರ್ರಾ?" ಕಡ್ಡಿ ಹೊರಗೆ ಬಂದ ಕೂಡಲೇ ಸಿಡುಕಣ್ಣ ಕೇಳಿದ.

"ಹೌದು, ನಿಮಗೇ ಹೊಡೆದಿದೆ. ವಸಡಿಗೂ ಹಲ್ಲಿಗೂ ನಡುವೆ ಎಷ್ಟು ಆಳ ಅಂತ ಅಳೀತಿದ್ದೀನಿ. ಮೂರು ಮಿಲಿಮೀಟರ್ ಒಳಗಿದ್ರೆ ಸರಿ. ರಕ್ತ ಯಾವಾಗಿನಿಂದ ಬರ್ತಿದೆ?"

"ಯಾವಾಗಲೂ ಬರುತ್ತೆ. ನಮ್ಮ ಮನೆತನದಲ್ಲಿ ಹಾಗೇ."

"ಕೈ ತೊಳೆಯೋವಾಗ ಉಗುರಿನ ಬುಡದಿಂದ ರಕ್ತ ಬಂದ್ರೂ ಮನೆತನ ಅಂತ ಸುಮ್ಮನಿರ್ತೀರಾ?"

ಸಿಡುಕಣ್ಣನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಎದೆಯ ಮೇಲೆ ಟವೆಲ್ಲು ಕಟ್ಟಿದ್ದರು, ಬಾಗಿಲ ಬಳಿ ಹೆಂಡತಿ ಕೂತಿದ್ದಳು.

"ಹಿತ್ತಾಳೆ ಒತ್ತಿ ಒತ್ತಿ ಹೀಗಾಗಿರೋದು ಡಾಕ್ಟ್ರೇ. ಊದೋರಿಗೆ ಇದು ಇದ್ದದ್ದೇ."

"ಊದೋದ್ರಿಂದ ಈ ಕಾಯಿಲೆ ಬರಲ್ಲ. ಬಂದ ಮೇಲೆ ಒತ್ತಿದ್ರೆ ಹಲ್ಲು ಬೇಗ ಅಲ್ಲಾಡುತ್ತೆ, ಅಷ್ಟೇ. ದಿನಕ್ಕೆ ಎಷ್ಟು ಸಲ ಉಜ್ಜುತ್ತೀರಿ?"

ಸಿಡುಕಣ್ಣ ಛಾವಣಿ ನೋಡಿದ. ಹೆಂಡತಿ ಬಾಯಿ ಹಾಕಿದಳು. "ಊದೋ ದಿನ ಇವರು ಉಜ್ಜಲ್ಲ ಡಾಕ್ಟ್ರೇ. ಮನೆ ಕಟ್ಟಳೆ."

"ಊದದ ದಿನ ಯಾವುದು?"

"ಸೀಸನ್‌ನಲ್ಲಿ ದಿನಾ ಊದ್ತಾರೆ. ಸೀಸನ್ ಇಲ್ಲದಾಗ ದಿನಾ ಪ್ರಾಕ್ಟೀಸು."

"ಸುಮ್ನಿರೇ!" ಎಂದ ಸಿಡುಕಣ್ಣ. "ಬಿಸಿ ಚಹಾ ಮುಕ್ಕಳಿಸ್ತೀನಿ. ಬಿಡುವಿದ್ದಾಗ ಉಜ್ಜುತ್ತೀನಿ. ಮುಂದಿನ ಹಲ್ಲಲ್ಲಿ ಮಾತ್ರ ರಕ್ತ ಬರುತ್ತೆ ಅಂತ ಅಲ್ಲಿ ಬಿಡ್ತೀನಿ."

"ಚಹಾಕ್ಕೆ ಸಕ್ಕರೆ?"

"ಸಕ್ಕರೆ ಇಲ್ದೆ ಚಹಾ ಯಾರು ಕುಡೀತಾರೆ?"

ಡಾಕ್ಟರು ಹಣೆಯ ಮೇಲಿದ್ದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಹೆಂಗಸಿಗೂ ಸಿಟ್ಟು ಬರುತ್ತದೆ ಎಂದು ಸಿಡುಕಣ್ಣನಿಗೆ ಆಗ ಗೊತ್ತಾಯಿತು. ಒಂದು ಬಗೆಯ ಗೌರವವೂ ಹುಟ್ಟಿತು.

"ಕೇಳಿ. ಹಲ್ಲಿನ ಬುಡದಲ್ಲಿ ದಿನಾ ಒಂದು ಅಂಟು ಕೂರುತ್ತೆ. ನಿಮಗೂ ಕೂರುತ್ತೆ, ನನಗೂ ಕೂರುತ್ತೆ. ಅದರ ತುಂಬ ಸೂಕ್ಷ್ಮಜೀವಿಗಳು. ಮೆತ್ತಗಿರುವಾಗ ಉಜ್ಜಿದ್ರೆ ಹೋಯ್ತು. ಬಿಟ್ರೆ ನಿಮ್ಮ ಕೊಳಾಯಿ ಬಾಯಲ್ಲಿ ಕಟ್ಟುತ್ತಲ್ಲ ಬಿಳೀ ಗಾರೆ, ಹಾಗೆ ಗಟ್ಟಿಯಾಗುತ್ತೆ. ಆಮೇಲೆ ಬ್ರಷ್ಷಿಗೆ ಬಗ್ಗಲ್ಲ. ವಸಡು ಕೆಂಪಾಗಿ ಊದಿಕೊಳ್ಳುತ್ತೆ, ರಕ್ತ ಬರುತ್ತೆ. ಆಗ ಬಂದಿದ್ರೆ ಪೂರ್ತಿ ವಾಸಿಯಾಗ್ತಿತ್ತು. ನೀವು ಮಾಡಿದ್ದೇನು? ರಕ್ತ ಬರೋ ಜಾಗವನ್ನೇ ಉಜ್ಜದೆ ಬಿಟ್ರಿ. ಅಂಟಿಗೆ ಅದೇ ಬೇಕಿತ್ತು. ಆಮೇಲೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಜೇಬಿನ ಹಾಗೆ ತೆರೆದುಕೊಳ್ತು. ಆ ಜೇಬಿನೊಳಗೆ ಕೊಳೆ ಇಳೀತು, ಹಲ್ಲು ಹಿಡಿದಿರೋ ಮೂಳೆ ಕರಗ್ತಾ ಬಂತು. ಇಲ್ಲಿ ನೋಡಿ."

ಎಕ್ಸ್‌ರೇಯಲ್ಲಿ ಹಲ್ಲಿನ ಬೇರುಗಳು ಮಣ್ಣು ಕೊಚ್ಚಿಹೋದ ದಂಡೆಯ ಮರದ ಬೇರುಗಳಂತೆ ಕಾಣುತ್ತಿದ್ದವು.

"ನೋವೇ ಆಗ್ಲಿಲ್ಲವಲ್ಲ ಡಾಕ್ಟ್ರೇ!"

"ಅದೇ ಇದರ ಮೋಸ. ನೋವು ಕೊಟ್ಟಿದ್ರೆ ಯಾವಾಗಲೋ ಓಡಿ ಬರ್ತಿದ್ರಿ. ಸಿಗರೇಟು?"

"ಯಾವಾಗಲೋ ಒಂದು."

"ಊಟ ಆದ ಮೇಲೆಲ್ಲ ಒಂದು," ಎಂದಳು ಹೆಂಡತಿ.

"ಅದು ಈ ಕಾಯಿಲೆಗೆ ಎಣ್ಣೆ ಸುರಿದ ಹಾಗೆ. ಬಿಡಿ. ಸಕ್ಕರೆ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆನೂ ಮಾಡ್ಸಿ. ಹೋದ ಮೂಳೆ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇರೋದನ್ನ ಉಳಿಸಬಹುದು. ಮರಗಟ್ಟೋ ಇಂಜೆಕ್ಷನ್ ಕೊಟ್ಟು ವಸಡಿನ ಒಳಗೆ ಬೇರಿನವರೆಗೂ ಕೆರೆದು ಶುಚಿ ಮಾಡ್ತೀನಿ. ಮುಂದಿನ ಹಲ್ಲುಗಳನ್ನ ಹಿಂದಿನಿಂದ ಸಣ್ಣ ತಂತಿ ಹಾಕಿ ಒಂದಕ್ಕೊಂದು ಕಟ್ಟುತ್ತೀನಿ. ಹಿಂದೆ ಒಂದು ದವಡೆ ಹಲ್ಲು ಕೈಬಿಟ್ಟಿದೆ, ಅದನ್ನ ಕೀಳಲೇಬೇಕು. ನಾನು ಹೇಳೋವರೆಗೆ ಊದೋ ಹಾಗಿಲ್ಲ."

"ಸೇತುವೆ..."

"ಸೇತುವೆ ಆಮೇಲೂ ಅಲ್ಲೇ ಇರುತ್ತೆ. ಹಲ್ಲು ಇರಲ್ಲ."

ಕೆರೆಸಿಕೊಂಡು ಬಂದ ರಾತ್ರಿ ಸಿಡುಕಣ್ಣನಿಗೆ ಲೋಕದ ಮೇಲೆಲ್ಲ ಸಿಟ್ಟು. ಹಲ್ಲುಗಳ ನಡುವೆ ಹಿಂದೆಂದೂ ಇಲ್ಲದ ಸಂದಿಗಳು ಕಾಣುತ್ತಿದ್ದವು, ನೀರು ಕುಡಿದರೆ ಜುಮ್ಮೆನ್ನುತ್ತಿತ್ತು, ಮೊದಲಿಗಿಂತ ಸಡಿಲವಾದಂತೆ ಅನಿಸುತ್ತಿತ್ತು. ಡಾಕ್ಟರು ಮೊದಲೇ ಹೇಳಿದ್ದರು: ಇಷ್ಟು ದಿನ ಆ ಸಂದಿಗಳಲ್ಲಿ ಗಾರೆ ತುಂಬಿತ್ತು, ಅದು ಹೋದರೆ ಬೋಳು ಅನಿಸುತ್ತದೆ, ವಸಡು ಬಿಗಿಯಾಗಲು ದಿನ ಬೇಕು, ಎಂದು. ಸಿಡುಕಣ್ಣ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಪ್ಪನಂತೂ ಅದಕ್ಕೇ ಕಾದಿದ್ದವನ ಹಾಗೆ ಶುರು ಮಾಡಿದ.

"ನಾನು ಹೇಳಲಿಲ್ವಾ? ಚೆನ್ನಾಗಿದ್ದ ಹಲ್ಲನ್ನ ಕೆರೆದು ಕೆರೆದು ಸಡಿಲ ಮಾಡಿದ್ರು. ಇನ್ನು ಎರಡು ಸಲ ಹೋಗು, ಕೈಗೇ ಕೊಟ್ಟು ಕಳಿಸ್ತಾರೆ."

"ಅದೇ ಅಪ್ಪ, ಅದೇ ಅಂತೀನಿ!" ಎಂದ ಸಿಡುಕಣ್ಣ. ಅಪ್ಪ ಮಗ ಬಹಳ ದಿನಗಳ ಮೇಲೆ ಒಂದಾಗಿ ಡಾಕ್ಟರನ್ನು ಬೈದರು. ಬೈದು ಬೈದು ಸಿಡುಕಣ್ಣನಿಗೆ ಧೈರ್ಯವೂ ಬಂತು. ಇನ್ನು ಅಲ್ಲಿಗೆ ಹೋಗುವುದಿಲ್ಲ, ನಾಳೆಯೇ ವಾದ್ಯ ಹಿಡಿಯುತ್ತೇನೆ, ಸೇತುವೆಯ ಮೇಲೆ ನಾನೇ ಊದುತ್ತೇನೆ ಎಂದು ತೀರ್ಮಾನಿಸಿ ಮಲಗಿದ.

ಬೆಳಿಗ್ಗೆ ಎದ್ದು ಹಿಂದಿನ ಬಾಗಿಲಿಗೆ ಬಂದರೆ, ಮಗಳು ತೊಟ್ಟಿಯ ಹತ್ತಿರ ಚಹಾ ಮುಕ್ಕಳಿಸುತ್ತಿದ್ದಳು. ಅವತ್ತು ಪ್ರಾಕ್ಟೀಸಿನ ದಿನ. ಚಹಾ ನುಂಗಿದಳು, ಆಮೇಲೆ ಉಗುಳಿದಳು. ಬಿಳಿ ಸಿಮೆಂಟಿನ ಮೇಲೆ ಉಗುಳು ಗುಲಾಬಿ ಬಣ್ಣಕ್ಕಿತ್ತು.

"ಅದೇನೇ ಅದು?"

ಮಗಳು ತಿರುಗಿ ನಕ್ಕಳು. ಅವಳ ಮುಂದಿನ ಹಲ್ಲುಗಳ ಬುಡದಲ್ಲಿ ವಸಡು ಕೆಂಪಗೆ ಉಬ್ಬಿಕೊಂಡಿತ್ತು. "ನಂಗೂ ಬಂತು ಅಪ್ಪ. ತಾತ ಹೇಳ್ತಾನಲ್ಲ, ರಕ್ತ ಬಂದ ಮೇಲೇನೇ ನಿಜವಾದ ಊದೋರು ಅಂತ."

ಸಿಡುಕಣ್ಣ ಬದುಕಿನಲ್ಲಿ ಸಾವಿರ ಸಲ ಸಿಟ್ಟು ಮಾಡಿಕೊಂಡಿದ್ದ. ಅವೆಲ್ಲ ಮೂಗಿನ ತುದಿಯಲ್ಲಿ ಹುಟ್ಟಿ ಅಲ್ಲೇ ಆರಿಹೋದ ಸಿಟ್ಟುಗಳು. ಇದು ಹೊಟ್ಟೆಯ ಆಳದಿಂದ ಎದ್ದಿತು. ಮಗಳ ಕೈಯಿಂದ ಲೋಟ ಕಿತ್ತುಕೊಂಡು ಚಹಾವನ್ನು ಗೋಡೆಗೆ ಎರಚಿದ. ನೇರ ಒಳಗೆ ಹೋದ.

"ಅಪ್ಪ, ಆ ಮಗೂಗೆ ಏನು ಹೇಳಿಕೊಟ್ಟಿದ್ದೀಯ ನೀನು?"

"ನಿನಗೆ ಏನು ಹೇಳಿಕೊಟ್ನೋ ಅದೇ." ಮುದುಕ ಹಾಸಿಗೆಯ ಮೇಲೆ ಎದ್ದು ಕೂತ. "ಅದರಿಂದಲೇ ನೀನು ಮೊದಲನೇ ಕುರ್ಚಿ ಹತ್ತಿದ್ದು."

"ಅದರಿಂದಲೇ ನಾನು ಇಳೀತಿರೋದು! ಹಿತ್ತಾಳೆ ತಿಂತಂತೆ! ಹಿತ್ತಾಳೆಗೆ ಹಲ್ಲಿದೆಯೇನೋ ತಿನ್ನೋಕೆ? ತಿಂದಿದ್ದು ನಿನ್ನ ಕಟ್ಟಳೆ. ನಿನ್ನಪ್ಪಂದು ತಿಂತು, ನಿಂದು ತಿಂತು, ನಂದು ಅರ್ಧ ತಿಂದಿದೆ. ಈಗ ಇಪ್ಪತ್ತು ದಾಟದ ಹುಡುಗಿ ಬಾಯಿಗೆ ಕೈ ಹಾಕಿದೆ. ಡ್ರಮ್ಮಿನವನ ಹಲ್ಲು ನೋಡಿದ್ದೀಯಾ? ಕಬ್ಬಿಣದ ಕಡಲೆ ಕೊಟ್ರೂ ಅಗೀತಾನೆ. ಅವನಿಗೆ ಯಾರೂ ಕಟ್ಟಳೆ ಹೇಳಿಕೊಡಲಿಲ್ಲ ನೋಡು, ಬಚಾವಾದ."

"ಬಾಯಿ ಬಿಗಿ ಹಿಡಿದು ಮಾತಾಡು. ನಾನು ಹಲ್ಲಿಲ್ಲದೆ ಬದುಕಿಲ್ವಾ?"

"ಬದುಕಿದ್ದೀಯ. ಊದ್ತಾ ಇದ್ದೀಯಾ?"

ಮುದುಕನ ಬಾಯಿ ತೆರೆದದ್ದು ಹಾಗೇ ನಿಂತಿತು. ಒಳಗೆ ಬರೀ ವಸಡು. ಟ್ರಂಪೆಟ್ ಕೆಳಗಿಟ್ಟಾಗ ಮುದುಕನಿಗೆ ಐವತ್ತೂ ಆಗಿರಲಿಲ್ಲ. ಆಮೇಲಿನ ಅಷ್ಟೂ ವರ್ಷ ಕಿಟಕಿಯ ಬಳಿ ಕೂತು ಬೇರೆಯವರ ಊದುವಿಕೆಯಲ್ಲಿ ತಪ್ಪು ಹುಡುಕಿದ್ದೇ ಅವನ ಕೆಲಸ. ಅದನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳಿಬಿಟ್ಟ ಮೇಲೆ ಸಿಡುಕಣ್ಣನಿಗೂ ಒಂದು ಗಳಿಗೆ ಕಸಿವಿಸಿಯಾಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಮಗಳನ್ನು ರಟ್ಟೆ ಹಿಡಿದು ಹೊರಗೆ ಕರೆದೊಯ್ದ. ಡಾಕ್ಟರು ಬಾಗಿಲು ತೆರೆಯುವ ಮೊದಲೇ ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತಿದ್ದರು.

ಮಗಳ ವಿಷಯ ಬೇಗ ಮುಗಿಯಿತು. ಅಂಕಿಗಳು ಎಲ್ಲೂ ನಾಲ್ಕು ದಾಟಲಿಲ್ಲ. "ಮೂಳೆಗೆ ಇನ್ನೂ ಏನೂ ಆಗಿಲ್ಲ," ಎಂದು ಡಾಕ್ಟರು ಹಲ್ಲು ಶುಚಿ ಮಾಡಿ, ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣಗೆ ಆಡಿಸುವುದನ್ನು ಕನ್ನಡಿಯಲ್ಲಿ ತೋರಿಸಿದರು. ಹಲ್ಲು ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನೂ ಕೊಟ್ಟರು. "ಬೆಳಿಗ್ಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ. ಮೊದಮೊದಲು ರಕ್ತ ಬರುತ್ತೆ, ಹೆದರಬೇಡ. ರಕ್ತ ಬರೋ ಕಡೆ ಬಿಡಲೇಬೇಡ. ಸ್ವಲ್ಪ ದಿನದಲ್ಲಿ ತಾನೇ ನಿಲ್ಲುತ್ತೆ."

"ತುಟಿ ಬಾತುಕೊಳ್ಳಲ್ವಾ?" ಎಂದಳು ಹುಡುಗಿ.

"ತುಟಿ ಯಾಕೆ ಉಜ್ಜುತ್ತೀಯಮ್ಮಾ? ಹಲ್ಲು ಉಜ್ಜು."

ಸಿಡುಕಣ್ಣ ಕುರ್ಚಿ ಹತ್ತಿದ. "ಉಳಿದದ್ದನ್ನೂ ಕೆರೀರಿ. ತಂತಿ ಕಟ್ಟಿ," ಎಂದ, ಯಾರ ಮೇಲೋ ಸೇಡು ತೀರಿಸಿಕೊಳ್ಳುವವನ ಹಾಗೆ.

ಸೇತುವೆಯ ದಿನ ಬಂತು. ಸಿಡುಕಣ್ಣ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬ್ಯಾಂಡ್ ಕೋಣೆಯ ಕೊಳಾಯಿಯ ಮುಂದೆ ನಿಂತ. ಸಮವಸ್ತ್ರ ಹಾಕಿಕೊಂಡು ಬಂದ ಒಬ್ಬೊಬ್ಬರನ್ನೂ ತಡೆದ. "ಉಜ್ಜಿದ್ಯಾ? ಬಾಯಿ ತೆರಿ. ಸುಳ್ಳು ಹೇಳ್ಬೇಡ, ಚಹಾ ವಾಸನೆ ಬರ್ತಿದೆ. ಹೋಗು, ಉಜ್ಜಿ ಬಾ."

"ಏನಣ್ಣ, ಇವತ್ತು ಊದೋ ದಿನ..."

"ಊದೋ ದಿನಾನೇ ಉಜ್ಜಬೇಕು! ನಿನ್ನ ಹಲ್ಲು ಉದುರಿದ್ರೆ ಎಲ್ಲಿಂದ ಊದ್ತೀಯ, ಹಣೆಯಿಂದಲಾ?"

ಮಾಸ್ಟರು ಕೈ ಗಡಿಯಾರ ನೋಡಿ ನೋಡಿ ಕೆಂಪಾದರು. "ಹಲ್ಲು ಪೊಲೀಸು ಕೆಲಸ ಆಮೇಲೆ ಮಾಡಯ್ಯ. ಮೊದಲು ನೀನು ಎಲ್ಲಿ ನಿಲ್ತೀಯ ಹೇಳು. ಮನೇಲಿರು ಅಂದ್ರೆ ಬಂದಿದ್ದೀಯ."

"ತಾಳ ಕೊಡಿ ಮಾಸ್ಟ್ರೇ. ಅದಕ್ಕೆ ಹಲ್ಲು ಬೇಡ."

ಆ ಊರಿನ ಮೊದಲ ಟ್ರಂಪೆಟ್ ಅವತ್ತು ಕೊನೆಯ ಸಾಲಿನಲ್ಲಿ, ಡ್ರಮ್ಮಿನವನ ಪಕ್ಕದಲ್ಲಿ, ಎರಡು ಹಿತ್ತಾಳೆ ತಟ್ಟೆ ಹಿಡಿದು ನಡೆದ. ಬದಿಯಲ್ಲಿ ನಿಂತ ಜನ ಬೆರಳು ತೋರಿಸಿದರು. ಗುರುತಿನವನೊಬ್ಬ "ಏನಣ್ಣ, ಪಾತ್ರೆ ಅಂಗಡಿ ಇಟ್ಯಾ?" ಎಂದು ಕೂಗಿದ. ಸಿಡುಕಣ್ಣನ ಮೈಯೆಲ್ಲ ಉರಿದುಹೋಯಿತು. ಆ ಉರಿಯನ್ನೆಲ್ಲ ತಾಳಕ್ಕೆ ಹಾಕಿ ಬಡಿದ. "ಮೆತ್ತಗೆ ಅಣ್ಣ, ನನ್ನ ಕಿವಿಗೂ ಡಾಕ್ಟ್ರು ಬೇಕಾಗ್ತಾರೆ," ಎಂದ ಡ್ರಮ್ಮಿನವನು. ನಡು ಸೇತುವೆಯಲ್ಲಿ ಬ್ಯಾಂಡು ನಿಂತಿತು. ಮಗಳು ಸಾಲಿನಿಂದ ಮುಂದೆ ಹೋದಳು. ಮೇಲಿನ ಸ್ವರಕ್ಕೆ ಏರುವಾಗ ಸಿಡುಕಣ್ಣನ ತುಟಿ ತಾನಾಗಿ ಬಿಗಿಯಿತು, ನಾಲಿಗೆ ಹಲ್ಲಿನ ಹಿಂದಿನ ತಂತಿಗೆ ತಗುಲಿತು. ಅವಳ ಸ್ವರ ಅವನದಷ್ಟು ಗಟ್ಟಿಯಿರಲಿಲ್ಲ. ಹರಿಯಲೂ ಇಲ್ಲ. ಚಪ್ಪಾಳೆ ಬಿತ್ತು. ತಾಳ ಬಡಿಯುವುದು ಮರೆತುಹೋಗಿ ಮಾಸ್ಟರ ಕೈಯಲ್ಲಿ ಬೈಸಿಕೊಂಡ.

ಮುದುಕ ಕೆಲವು ವಾರ ಮಗನ ಜೊತೆ ಮಾತು ಬಿಟ್ಟಿದ್ದ. ಸಿಡುಕಣ್ಣನೂ ಸೋಲಲಿಲ್ಲ. ಬೆಳಿಗ್ಗೆ ರಾತ್ರಿ ಅಪ್ಪನಿಗೆ ಕಾಣುವ ಹಾಗೆ ಕಿಟಕಿಯ ಎದುರೇ ನಿಂತು, ಬ್ರಷ್ಷು ಸಣ್ಣಗೆ ಆಡಿಸುತ್ತ, ಕಣ್ಣು ಕೆಕ್ಕರಿಸಿ ಉಜ್ಜುತ್ತಿದ್ದ. ಸಿಗರೇಟು ಬಿಟ್ಟ ಸಿಡುಕು ಬೇರೆ ಸೇರಿಕೊಂಡು ಮನೆಯವರಿಗೆ ಸಾಕುಸಾಕಾಯಿತು. ಹೆಂಡತಿ ಮಾತ್ರ ಒಂದು ರಾತ್ರಿ ಏನೂ ಹೇಳದೆ ಇತ್ತ ಕಡೆ ಮಗ್ಗುಲಾದಳು.

ಮುಂದಿನ ಸೀಸನ್ನಿನ ಹೊತ್ತಿಗೆ ಡಾಕ್ಟರು ಮತ್ತೆ ಕಡ್ಡಿ ಇಳಿಸಿದರು. ಮೂರು, ನಾಲ್ಕು, ಮೂರು, ನಾಲ್ಕು. ರಕ್ತವಿರಲಿಲ್ಲ. "ಊದಿ. ಆದ್ರೆ ಹಲ್ಲಿನ ಮೇಲೆ ಒತ್ತಿ ಊದೋ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಬರಬೇಕು, ಇದು ಜನ್ಮಕ್ಕಂಟಿದ ಕೆಲಸ. ಬಿಟ್ರೆ ಕಾಯಿಲೆ ವಾಪಸ್ ಬರುತ್ತೆ."

ಒತ್ತದೆ ಊದುವುದು ಸಿಡುಕಣ್ಣನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಊದಿದವನು ಎಳೆ ಹುಡುಗನಂತೆ ಕೆಳಗಿನ ಸ್ವರಗಳಿಂದ ಮತ್ತೆ ಶುರು ಮಾಡಿದ. ಕೆಳಗಿನವು ಬಂದವು, ನಡುವಿನವು ಬಂದವು. ಕಿಟಕಿ ಗಾಜು ಅಲ್ಲಾಡಿಸುವ ಆ ಒಂದು ಸ್ವರ ಒತ್ತದೆ ಬರಲೇ ಇಲ್ಲ. ಅದು ಇನ್ನು ಬರುವುದಿಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೀಸನ್ನಿನ ಮೊದಲ ಪ್ರಾಕ್ಟೀಸಿಗೆ ಅವನು ವಾದ್ಯ ಹಿಡಿದು ಬಂದ. ಮೊದಲನೆಯ ಕುರ್ಚಿಯಲ್ಲಿ ಮಗಳು ಕೂತಿದ್ದಳು. ಅಪ್ಪನನ್ನು ಕಂಡು ಅರ್ಧ ಎದ್ದಳು.

"ಕೂತ್ಕೋ!" ಎಂದು ಗದರಿದ. "ಎದ್ರೆ ಕಾಲು ಮುರೀತೀನಿ."

ಮಾಸ್ಟರು ಎರಡನೆಯ ಟ್ರಂಪೆಟ್ಟಿನ ಹಾಳೆಯನ್ನು ಅವನ ಮುಂದಿನ ಸ್ಟ್ಯಾಂಡಿನ ಮೇಲೆ ಮೆಲ್ಲಗೆ ಇಟ್ಟರು. ಹಾವಿಗೆ ಹಾಲಿಡುವವರ ಹಾಗೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದರು.

ಸಿಡುಕಣ್ಣ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. "ಏನಣ್ಣ ಇದು, ನಾಲ್ಕು ಸಾಲು ಬರೀ ಕಾಯೋದೇ ಇದೆ! ಇಷ್ಟು ವರ್ಷ ಈ ಹುಡುಗಿ ಕೈಲಿ ಇದನ್ನ ಊದಿಸ್ತಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ಬೈಯುತ್ತಲೇ ಕುರ್ಚಿ ಎಳೆದುಕೊಂಡು ಕೂತ, ಮೌತ್‌ಪೀಸನ್ನು ತುಟಿಗೆ ಹಗುರಾಗಿ ತಾಗಿಸಿ, ತನ್ನ ಸರದಿಗೆ ಕಾದ.